ಮೆಂಟರ್ ಆಗಿ ರಾಜಕೀಯ ಕಲಿಸಿದ ಬಗೆ: ನನ್ನ ಅನುಭವ
ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಬೋಧಿಸುವ ನನಗೆ ವಿದ್ಯಾರ್ಥಿಗಳ ಒಂದು ತಂಡಕ್ಕೆ ಮೆಂಟರ್ ಆಗಿರುವ ಹೊಣೆಯೂ ಇದೆ. ಮೆಂಟರ್ ಪುಸ್ತಕದಲ್ಲಿ ಹಾಜರಾತಿ, ಇಂಟರ್ನಲ್ ಅಂಕ, ವಿದ್ಯಾರ್ಥಿವೇತನಗಳಿಗೆ ಕಾಲಂಗಳಿವೆ, ರಾಜಕೀಯ ತಿಳಿವಳಿಕೆಗೆ ಇಲ್ಲ. ಆದರೆ ವಿದ್ಯಾರ್ಥಿವೇತನ ಏಕೆ ತಡವಾಯಿತು, ಹಾಸ್ಟೆಲ್ ಸೀಟು ಯಾವ ಆಧಾರದ ಮೇಲೆ ಹಂಚಿಕೆಯಾಯಿತು ಎಂದು ವಿಚಾರಿಸುವ ಹುಡುಗ ಕೇಳುತ್ತಿರುವುದು ರಾಜಕೀಯ ಪ್ರಶ್ನೆಯನ್ನೇ ಆದ್ದರಿಂದ, ನಾನು ಪಾಠವನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

ನವೆಂಬರ್ 26ರ ಸಂವಿಧಾನ ದಿನದಂದು ಪೀಠಿಕೆಯನ್ನು ಸಾಮೂಹಿಕವಾಗಿ ಓದಿಸುತ್ತೇವೆ. ಅದು ಬೇಕು, ಆದರೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ನನ್ನ ತಂಡದಲ್ಲಿ ಹೆಚ್ಚು ಫಲ ಕೊಟ್ಟದ್ದು ಅಫಿಡವಿಟ್ ಓದು, ಅಂದರೆ ಚುನಾವಣಾ ಅಭ್ಯರ್ಥಿಗಳು ತಮ್ಮ ಬಗ್ಗೆ ಸಲ್ಲಿಸುವ ಪ್ರಮಾಣಪತ್ರಗಳ ಓದು.

‘ಯಾರಿಗೆ ಓಟು ಹಾಕಬೇಕು ಸರ್?’ ಎಂದು ಹೊಸ ಮತದಾರರು ಕೇಳುವುದುಂಟು. ಸರ್ಕಾರಿ ನೌಕರನಾದ ನಾನು ಪಕ್ಷದ ಪರ ಮಾತನಾಡುವಂತಿಲ್ಲ. ನಿಯಮ ಇಲ್ಲದಿದ್ದರೂ ಮಾತನಾಡುತ್ತಿರಲಿಲ್ಲ. ಬದಲಿಗೆ, ಹಿಂದಿನ ಚುನಾವಣೆಯಲ್ಲಿ ಬೇರೆ ಜಿಲ್ಲೆಯ ಕ್ಷೇತ್ರವೊಂದರ ಅಭ್ಯರ್ಥಿಗಳು ನಾಮಪತ್ರದೊಂದಿಗೆ ಸಲ್ಲಿಸಿದ ನಮೂನೆ 26ರ ಪ್ರಮಾಣಪತ್ರಗಳನ್ನು ಚುನಾವಣಾ ಆಯೋಗದ ಜಾಲತಾಣದಿಂದ ತೆಗೆದು, ಜೆರಾಕ್ಸ್ ಮಾಡಿಸಿ, ಹೆಸರು ಮತ್ತು ಪಕ್ಷದ ಮೇಲೆ ಚೀಟಿ ಅಂಟಿಸಿ ಹಂಚುತ್ತೇನೆ. ಅಭ್ಯರ್ಥಿಯ ಆಸ್ತಿ, ಸಾಲ, ಶಿಕ್ಷಣ, ಕ್ರಿಮಿನಲ್ ಪ್ರಕರಣಗಳನ್ನು ತಿಳಿಯುವ ಹಕ್ಕು ಮತದಾರನಿಗಿದೆ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ್ದನ್ನು ಆಗ ವಿವರಿಸಿದರೆ ಸಲೀಸಾಗಿ ತಲೆಗೆ ಹೋಗುತ್ತದೆ. ಮಕ್ಕಳು ಮೊದಲು ನೋಡುವುದು ಚಿನ್ನ ಮತ್ತು ಕಾರುಗಳ ಪಟ್ಟಿಯನ್ನು. ನಿಜವಾದ ವಾದ ಹುಟ್ಟುವುದು ಪ್ರಕರಣಗಳ ಪುಟದಲ್ಲಿ: ಧರಣಿ ಕುಳಿತದ್ದಕ್ಕೆ ಬಿದ್ದ ಕೇಸನ್ನೂ ವಂಚನೆಯ ಕೇಸನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ, ವಿಚಾರಣೆ ಮುಗಿಯದ ಪ್ರಕರಣವನ್ನು ಅಪರಾಧವೆಂದು ಎಣಿಸಬಹುದೇ? ಕೊನೆಯಲ್ಲಿ ಚೀಟಿ ಕಿತ್ತಾಗ, ಅಲ್ಲಿಯವರೆಗೆ ಟೀಕಿಸಿದವರಲ್ಲಿ ಕೆಲವರು ತಮ್ಮ ಪಕ್ಷದ ಅಭ್ಯರ್ಥಿಯನ್ನು ಕಂಡು ಧಾಟಿ ಬದಲಿಸುತ್ತಾರೆ. ಅದನ್ನು ನಾನು ಎತ್ತಿ ಆಡುವುದಿಲ್ಲ, ಪಕ್ಕದಲ್ಲಿ ಕುಳಿತವರೇ ಬಿಡದೆ ಕೇಳುತ್ತಾರೆ.

ಮತದಾರರ ಪಟ್ಟಿಗೆ ಹೆಸರು ನೋಂದಣಿಯ ಕೆಲಸ ಇದಕ್ಕಿಂತ ಸುಲಭ. 17 ತುಂಬಿದವರೂ ನಮೂನೆ 6ನ್ನು ಮುಂಚಿತವಾಗಿಯೇ ಸಲ್ಲಿಸಬಹುದು. ಹಾಸ್ಟೆಲ್‌ನಲ್ಲಿರುವವರು ಊರಿನ ವಿಳಾಸವನ್ನಾಗಲಿ ಹಾಸ್ಟೆಲ್ ವಿಳಾಸವನ್ನಾಗಲಿ ಆರಿಸಿಕೊಳ್ಳಬಹುದು. ಎರಡೂ ಕಡೆ ಹೆಸರು ಇರಕೂಡದು ಎಂಬುದನ್ನಷ್ಟೇ ಒತ್ತಿ ಹೇಳಬೇಕಾಗುತ್ತದೆ.

‘ಮಕ್ಕಳಿಗೆ ರಾಜಕೀಯ ಹಚ್ಚಬೇಡಿ ಮೇಷ್ಟ್ರೇ’ ಎಂದ ಪೋಷಕರೊಬ್ಬರಿಗೆ ಆ ಜೆರಾಕ್ಸ್ ಪ್ರತಿಗಳನ್ನೇ ಕೊಟ್ಟೆ. ಅವರು ನಿಂತಲ್ಲೇ ಓದಿ, ತಮ್ಮ ಕ್ಷೇತ್ರದವರದ್ದು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು. ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಜಾರಿಯಾದ ಮೇಲೆ ಮಾತ್ರ ಈ ತರಗತಿಯನ್ನು ನಡೆಸುವುದಿಲ್ಲ. ಆ ಹೊತ್ತಿಗೆ ನಮ್ಮಲ್ಲಿ ಹಲವರು ಮತಗಟ್ಟೆ ಅಧಿಕಾರಿಗಳಾಗಿ ತರಬೇತಿಗೆ ಹೊರಟಿರುತ್ತೇವೆ.