ಗ್ರೈಂಡರಿನ ಬಿಲ್ಲೂ ಬ್ರಿಟನ್ನಿನ ವ್ಯಾಟೂ

ಅಕ್ಕಿ, ಉದ್ದಿನಬೇಳೆ, ಆಲೂಗಡ್ಡೆ, ಈರುಳ್ಳಿ: ಬ್ರಿಟನ್ನಿನಲ್ಲಿ ಇವಕ್ಕೆಲ್ಲ ವ್ಯಾಟ್, ಅಂದರೆ ನಮ್ಮೂರ ಜಿಎಸ್‌ಟಿಯಂಥ ಮಾರಾಟದ ತೆರಿಗೆ, ಸೊನ್ನೆ. ಅದನ್ನೇ ನೆನೆಸಿ, ರುಬ್ಬಿ, ಬಿಸಿ ದೋಸೆ ಹೊಯ್ದು ಮಾರಿದಿರೋ, ಶೇ. 20. ವ್ಯಾಟ್ ನೋಂದಣಿ ಆಗಿದ್ದರೆ 9 ಪೌಂಡಿನ ಮಸಾಲೆ ದೋಸೆಯಲ್ಲಿ ಒಂದೂವರೆ ಪೌಂಡ್ ಸರ್ಕಾರದ್ದು. ಗಲ್ಲಾಪೆಟ್ಟಿಗೆಯಲ್ಲಿ ಇದೆ ಅಂತ ನಮ್ಮದು ಅಂದುಕೊಳ್ಳಬಾರದು.

ಊರಲ್ಲಿ ಮಾಮೂಲಿ ಹೋಟೆಲಿನವರು ಶೇ. 5 ಜಿಎಸ್‌ಟಿ ಕಟ್ಟಿ, ಇನ್‌ಪುಟ್, ಅಂದರೆ ಸಾಮಾನು ಕೊಳ್ಳುವಾಗ ಕೊಟ್ಟ ತೆರಿಗೆ ವಾಪಸ್ ಬರುವ ಆಸೆ ಬಿಟ್ಟುಬಿಡುತ್ತಾರೆ. ಇಲ್ಲಿ ಹಾಗಲ್ಲ, ಕೊಟ್ಟ ವ್ಯಾಟ್ ವಾಪಸ್ ಕೇಳಬಹುದು. ಆದರೆ ದಿನಸಿಗೆ ವ್ಯಾಟನ್ನೇ ಕೊಡದ ಮೇಲೆ ವಾಪಸ್ ಬರುವುದಾದರೂ ಏನು? ಇಡ್ಲಿ-ದೋಸೆ ಮಾರುವವರಿಗೆ ಕೈಗೆ ಸಿಗುವ ದೊಡ್ಡ ಇನ್‌ಪುಟ್ ಎಂದರೆ ಯಂತ್ರಗಳದ್ದು. ಅದಕ್ಕೇ ಆ ಬಿಲ್ಲನ್ನು ಜೋಪಾನ ಮಾಡಿ ಅನ್ನುವುದು.

ಮೊದಲು ನೋಂದಣಿ ಬೇಕೇ ನೋಡಿಕೊಳ್ಳಿ. ಹಿಂದಿನ 12 ತಿಂಗಳ ವ್ಯಾಟ್ ಬೀಳುವ ವಹಿವಾಟು 90,000 ಪೌಂಡ್ ದಾಟಿದರೆ ಕಡ್ಡಾಯ. 2024ರ ಏಪ್ರಿಲ್‌ವರೆಗೆ ಇದು 85,000 ಇತ್ತು. ಏಪ್ರಿಲ್‌ನಿಂದ ಏಪ್ರಿಲ್‌ಗೆ ಎಣಿಸಿದರೆ ಸಾಲದು. ಪ್ರತಿ ತಿಂಗಳ ಕೊನೆಗೂ ಹಿಂದಿನ 12 ತಿಂಗಳು ಕೂಡಿ ನೋಡಬೇಕು. ದೀಪಾವಳಿಯ ಆರ್ಡರುಗಳ ಗದ್ದಲದಲ್ಲಿ ಗೊತ್ತೇ ಆಗದೆ ದಾಟಿಬಿಡುತ್ತದೆ.

ಈಗ ಗ್ರೈಂಡರ್ ತೆಗೆದುಕೊಳ್ಳೋಣ. ಬೆಲೆ 1,500, ವ್ಯಾಟ್ 300, ಬ್ಯಾಂಕಿನಿಂದ ಹೋದದ್ದು 1,800 ಪೌಂಡ್. ನೋಂದಣಿ ಇಲ್ಲದಿದ್ದರೆ ನಿಮ್ಮ ಪಾಲಿಗೆ ಗ್ರೈಂಡರಿನ ಬೆಲೆ 1,800, ಅಷ್ಟೂ ಖರ್ಚೇ. ನೋಂದಣಿ ಇದ್ದರೆ ಸಾಮಾನ್ಯವಾಗಿ ಉಪಕರಣದ ಖಾತೆಗೆ 1,500 ಮಾತ್ರ ಹೋಗುತ್ತದೆ. 300 ವ್ಯಾಟ್ ಖಾತೆಗೆ. ವ್ಯಾಟ್ ರಿಟರ್ನಿನಲ್ಲಿ ನಾಲ್ಕನೇ ಬಾಕ್ಸಿಗೆ 300, ಏಳನೆಯದಕ್ಕೆ 1,500. ಎಷ್ಟೋ ಜನ 1,800 ಪೂರ್ತಿ ಖರ್ಚಿಗೆ ಬರೆದು, 300 ವಾಪಸ್ಸನ್ನೂ ಪಡೆದು, ಆ 300ನ್ನು ಎಲ್ಲೂ ತೋರಿಸುವುದಿಲ್ಲ. ಒಂದೇ ದುಡ್ಡಿಗೆ ಎರಡು ಸಲ ಲಾಭ ತೆಗೆದುಕೊಂಡ ಹಾಗೆ ಅದು.

ವ್ಯಾಟ್ ಬೇರೆ, ವರಮಾನ ತೆರಿಗೆ ಬೇರೆ ಅನ್ನುವುದನ್ನೂ ನೆನಪಿಡಿ. ವ್ಯಾಟನ್ನು ಆ ತ್ರೈಮಾಸಿಕದಲ್ಲೇ ಇಡಿಯಾಗಿ ಕೇಳಬಹುದು, ವರ್ಷವರ್ಷ ಹಂಚಬೇಕಿಲ್ಲ. ಉಳಿದ 1,500ಕ್ಕೆ ಸ್ವಂತ ಹೆಸರಲ್ಲಿ ವ್ಯಾಪಾರ ಮಾಡುವವರು ಕ್ಯಾಶ್ ಬೇಸಿಸ್‌ನಲ್ಲಿದ್ದರೆ (ದುಡ್ಡು ಬಂದಾಗ, ಹೋದಾಗಲೇ ಲೆಕ್ಕಕ್ಕೆ ಹಿಡಿಯುವ ಪದ್ಧತಿ) ದುಡ್ಡು ಕೊಟ್ಟ ವರ್ಷವೇ ಖರ್ಚು. ಕಂಪನಿಯಾದರೆ ಪುಸ್ತಕದಲ್ಲಿ ಸವಕಳಿ ಬರೆಯುತ್ತೀರಿ, ಆದರೆ ತೆರಿಗೆ ಲೆಕ್ಕಕ್ಕೆ ಆ ಸವಕಳಿ ನಡೆಯುವುದಿಲ್ಲ. ಅದರ ಬದಲು ಆನ್ಯುವಲ್ ಇನ್ವೆಸ್ಟ್‌ಮೆಂಟ್ ಅಲವೆನ್ಸ್‌ನಲ್ಲಿ ವರ್ಷಕ್ಕೆ 10 ಲಕ್ಷ ಪೌಂಡ್‌ವರೆಗೂ ಮೊದಲ ವರ್ಷವೇ ಕಳೆಯಬಹುದು. ನಮ್ಮಂಥವರಿಗೆ ಆ ಮಿತಿ ಮುಟ್ಟುವ ಭಯವಿಲ್ಲ ಬಿಡಿ. ಕಾರಿಗೆ ಮಾತ್ರ ಈ ಅಲವೆನ್ಸ್ ಇಲ್ಲ. ಮನೆಗೂ ಓಡಿಸುವ ಕಾರಾದರೆ ಕೊಂಡಾಗಿನ ವ್ಯಾಟೂ ಸಿಗುವುದಿಲ್ಲ.

ವ್ಯಾಟ್ ಸೇರಿದ ಒಟ್ಟು ಮಾರಾಟದ ಮೇಲೆ ಒಂದೇ ನಿಗದಿತ ಶೇಕಡಾ ಕಟ್ಟುವ ಫ್ಲ್ಯಾಟ್ ರೇಟ್ ಪದ್ಧತಿಯನ್ನು ಅಡುಗೆಯವರು ಒಮ್ಮೆ ಲೆಕ್ಕ ಹಾಕಿ ನೋಡಲೇಬೇಕು. ಮುಂದಿನ ವರ್ಷದ ವಹಿವಾಟು ವ್ಯಾಟ್ ಬಿಟ್ಟು ಒಂದೂವರೆ ಲಕ್ಷ ಪೌಂಡ್ ಮೀರದು ಅನ್ನಿಸಿದರೆ ಸೇರಬಹುದು. ಕೇಟರಿಂಗಿಗೆ ದರ ಶೇ. 12.5, ನೋಂದಣಿಯ ಮೊದಲ ವರ್ಷ ಒಂದು ಶೇಕಡಾ ಕಡಿಮೆ. ಆ 9 ಪೌಂಡಿನ ದೋಸೆಗೆ ಒಂದೂವರೆಯ ಬದಲು ಸುಮಾರು 1 ಪೌಂಡ್ 13 ಪೆನ್ಸ್ ಕಟ್ಟಿದರೆ ಸಾಕು. ಆದರೆ ಇನ್‌ಪುಟ್ ಬಾಗಿಲು ಮುಚ್ಚುತ್ತದೆ, ಒಂದು ಕಿಂಡಿ ಬಿಟ್ಟು: ಒಂದೇ ಖರೀದಿಯಲ್ಲಿ ವ್ಯಾಟ್ ಸೇರಿ 2,000 ಪೌಂಡ್ ಅಥವಾ ಹೆಚ್ಚಿನ ಉಪಕರಣ ಕೊಂಡರೆ ಆ ವ್ಯಾಟ್ ಸಿಗುತ್ತದೆ. ನಮ್ಮ 1,800ರ ಗ್ರೈಂಡರ್ ಒಂದೇ ಆದರೆ ಇಲ್ಲ. ಇಡ್ಲಿ ಸ್ಟೀಮರನ್ನೂ ಅದೇ ಅಂಗಡಿಯಲ್ಲಿ, ಅದೇ ಖರೀದಿಯಲ್ಲಿ ತಂದಿದ್ದರೆ ಸಿಗುತ್ತಿತ್ತು.

ನೋಂದಣಿಗೆ ಮುಂಚೆ ಕೊಂಡ ಯಂತ್ರವನ್ನೂ ಮರೆಯಬೇಡಿ. ನಾಲ್ಕು ವರ್ಷದೊಳಗೆ ವ್ಯಾಪಾರಕ್ಕೆಂದೇ ಕೊಂಡು, ಈಗಲೂ ಅಲ್ಲೇ ಬಳಕೆಯಲ್ಲಿದ್ದರೆ ಅದರ ವ್ಯಾಟನ್ನು ಮೊದಲ ರಿಟರ್ನಿನಲ್ಲಿ ಕೇಳಬಹುದು. ಆಗ ಪೂರ್ತಿ 1,800 ಖರ್ಚು ಬರೆದಿದ್ದರೆ ಈಗ ಬಂದ 300ನ್ನು ಲೆಕ್ಕಕ್ಕೆ ತನ್ನಿ.

ನಾನು ಪೆಟ್ಟು ತಿಂದದ್ದು ಕಾಗದದಲ್ಲಿ. ಕೊಯಮತ್ತೂರಿನಿಂದ ತರಿಸಿದ ಗ್ರೈಂಡರಿಗೆ ಆಮದು ವ್ಯಾಟ್ 240 ಪೌಂಡ್ ಬಿತ್ತು. ಬಾಗಿಲಿಗೆ ಬಂದ ಕೊರಿಯರಿನವನಿಗೆ ದುಡ್ಡು ಕೊಟ್ಟು ಚೀಟಿ ತೆಗೆದಿಟ್ಟೆ. ಮೂರು ತಿಂಗಳ ಮೇಲೆ ಲೆಕ್ಕದವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಲ್ಲಿ ಆಮದುದಾರರು ನಿಮ್ಮ ಯಜಮಾನರು" ಅಂದರು. ಆರ್ಡರ್ ಮಾಡುವಾಗ ಅವರ ಹೆಸರು ಕೊಟ್ಟಿದ್ದೆ, ವ್ಯಾಪಾರ ನನ್ನ ಹೆಸರಿನಲ್ಲಿತ್ತು. 240 ಹೋಯಿತು. ಯಂತ್ರ ತರಿಸುವ ಮುಂಚೆಯೇ ವ್ಯಾಪಾರದ ಹೆಸರಲ್ಲಿ ಇಒಆರ್‌ಐ ನಂಬರ್ (ಆಮದು-ರಫ್ತು ಮಾಡುವವರ ಗುರುತಿನ ಸಂಖ್ಯೆ) ಮಾಡಿಸಿ, ಅದನ್ನೇ ಕೊರಿಯರಿನವರಿಗೆ ಕೊಡಿ. ಹಾಗೆ ಮಾಡಿದರೆ 2021ರಿಂದ ಜಾರಿಯಲ್ಲಿರುವ ಪೋಸ್ಟ್‌ಪೋನ್ಡ್ ವ್ಯಾಟ್ ಅಕೌಂಟಿಂಗ್ ಕೂಡ ಬಳಸಬಹುದು. ಬಾಗಿಲಲ್ಲಿ ದುಡ್ಡು ಎಣಿಸದೆ, ರಿಟರ್ನಿನಲ್ಲೇ ಒಂದು ಕಡೆ ಕೊಟ್ಟು ಇನ್ನೊಂದು ಕಡೆ ತೆಗೆದುಕೊಳ್ಳುವ ವ್ಯವಸ್ಥೆ ಅದು.

ಇಲ್ಲೇ ಕೊಳ್ಳುವುದಾದರೆ ಕಾರ್ಡ್ ಯಂತ್ರದಿಂದ ಬರುವ ಚೀಟಿ ನಡೆಯುವುದಿಲ್ಲ. ಮಾರಿದವರ ವ್ಯಾಟ್ ನಂಬರ್ ಇರುವ ಬಿಲ್ ಬೇಕು. ಮೊತ್ತ 250 ಪೌಂಡ್ ದಾಟಿದರೆ ನಿಮ್ಮ ವ್ಯಾಪಾರದ ಹೆಸರು, ವಿಳಾಸ, ವ್ಯಾಟ್ ಎಷ್ಟೆಂಬ ವಿವರ ಎಲ್ಲವೂ ಇರಬೇಕು. ಬಿಲ್ ಕೈಗೆ ಬಂದ ದಿನವೇ ಫೋಟೊ ತೆಗೆದು ಸಾಫ್ಟ್‌ವೇರಿಗೆ ಏರಿಸಿ, ಆರು ವರ್ಷ ಇಟ್ಟುಕೊಳ್ಳಿ. ಥರ್ಮಲ್ ಕಾಗದದ ಅಕ್ಷರ ಒಲೆಯ ಕಾವಿಗೆ ಆರು ತಿಂಗಳೂ ನಿಲ್ಲುವುದಿಲ್ಲ.