ಸಂತ ಯೋಹಾನನ ಪಾಳು ಚರ್ಚನ್ನು ನೋಡುವ ಬಗೆ

ಟರ್ಕಿಯ ಸೆಲ್ಚುಕ್‌ಗೆ ಬರುವವರು ಪಕ್ಕದ ಪ್ರಾಚೀನ ನಗರ ಎಫೆಸಸ್ ಸುತ್ತಿ ಸುಸ್ತಾಗಿರುತ್ತಾರೆ. ಉಳಿದ ಅರ್ಧ ಗಂಟೆಯಲ್ಲಿ ಅಯಸುಲುಕ್ ಗುಡ್ಡ ಹತ್ತಿ, ಏಸುವಿನ ಶಿಷ್ಯ ಸಂತ ಯೋಹಾನನ ಚರ್ಚಿನ ಫೋಟೊ ತೆಗೆದು ಇಳಿದುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಬೆಳಿಗ್ಗೆ ಮೊದಲು ಇಲ್ಲಿಗೇ ಬನ್ನಿ. ಮೇಲೆ ನೆರಳು ಕಡಿಮೆ, ನೀರು ಜೊತೆಗಿರಲಿ.

ಈಗಿನ ದಾರಿ ದಕ್ಷಿಣದ ಕೋಟೆ ಬಾಗಿಲಿಂದ ಒಳಗೆ ಬಿಡುತ್ತದೆ. ಎಲ್ಲರೂ ನೇರ ಯೋಹಾನನ ಸಮಾಧಿಯ ಕಡೆ ನಡೆಯುತ್ತಾರೆ. ನೀವು ಪಶ್ಚಿಮದ ಅಂಗಳಕ್ಕೆ ಹೋಗಿ, ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. 6ನೇ ಶತಮಾನದಲ್ಲಿ ಪೂರ್ವ ರೋಮಿನ ದೊರೆ ಜಸ್ಟೀನಿಯನ್ ಕಟ್ಟಿಸಿದ ಈ ಚರ್ಚಿನ ಉದ್ದ ಸುಮಾರು 130 ಮೀಟರ್. ಆರು ಗುಮ್ಮಟಗಳಿದ್ದವು, ಈಗ ಒಂದೂ ಇಲ್ಲ. ಆದರೆ ಅವನ್ನು ಹೊತ್ತಿದ್ದ ದಪ್ಪ ಆಧಾರಗಳ ಬುಡ ಇನ್ನೂ ಇದೆ. ನಾಲ್ಕು ಆಧಾರಗಳ ನಡುವೆ ಒಂದು ಗುಮ್ಮಟ ಎಂದು ಲೆಕ್ಕ ಹಾಕುತ್ತಾ ಮುಂದೆ ನಡೆಯಿರಿ. ಚರ್ಚಿನ ಶಿಲುಬೆಯ ಆಕಾರ ಕಾಲಿಗೇ ಗೊತ್ತಾಗುತ್ತದೆ.

ಮತ್ತೆ ಎತ್ತಿ ನಿಲ್ಲಿಸಿರುವ ಕಂಬಗಳ ಹತ್ತಿರ ಮಾತ್ರ ಅವಸರ ಬೇಡ. ಬೋದಿಗೆಗಳನ್ನು, ಅಂದರೆ ಕಂಬದ ತಲೆಯ ಮೇಲಿನ ಕೆತ್ತನೆ ಕಲ್ಲುಗಳನ್ನು ನೋಡಿ. ಎಲೆಬಳ್ಳಿಗಳ ಮಧ್ಯೆ ಗ್ರೀಕ್ ಅಕ್ಷರಗಳನ್ನು ಒಂದಕ್ಕೊಂದು ಹೆಣೆದ ಮುದ್ರೆಗಳಿವೆ. ಅವು ಜಸ್ಟೀನಿಯನ್ ಮತ್ತು ರಾಣಿ ಥಿಯೊಡೊರಾಳ ಹೆಸರು. ನೆತ್ತಿಯ ಬಿಸಿಲಲ್ಲಿ ಇವು ಸುಮ್ನೆ ಗೀರುಗಳಂತೆ ಕಾಣುತ್ತವೆ, ಓರೆ ಬಿಸಿಲಲ್ಲಿ ಒಂದೊಂದು ಗೆರೆಯೂ ಎದ್ದು ನಿಲ್ಲುತ್ತದೆ. ಬೆಳಿಗ್ಗೆ ಬನ್ನಿ ಎಂದದ್ದು ಅದಕ್ಕೇ. ರಾಣಿ ತೀರಿಕೊಂಡದ್ದು 548ರಲ್ಲಿ. ಅಂದರೆ ಅವಳ ಮುದ್ರೆಯಿರುವ ಬೋದಿಗೆಗಳ ಕೆಲಸ ಅವಳಿದ್ದಾಗಲೇ ನಡೆದಿರಬೇಕು, ಅಲ್ವಾ? ಕಲ್ಲಿನ ವಯಸ್ಸು ಹೀಗೆ ಹೆಸರಿನಿಂದಲೇ ಗೊತ್ತಾಗುವುದು ನನಗೆ ಬಹಳ ಇಷ್ಟ.

ಯೋಹಾನನ ಸಮಾಧಿ ಎಂದು ನಂಬುವ ಜಾಗವನ್ನು ನಾಲ್ಕು ಕಂಬಗಳ ನಡುವೆ ಗುರುತಿಸಿದ್ದಾರೆ. ಪ್ರಾರ್ಥನೆ ಮಾಡುವವರು ಇರುತ್ತಾರೆ, ಜಾಗ ಬಿಟ್ಟು ನಿಲ್ಲಿ.

ಆಮೇಲೆ ಉತ್ತರಕ್ಕೆ ಹೋಗಿ ದೀಕ್ಷಾಸ್ನಾನದ ಕೊಳ ಹುಡುಕಿ. ಜಾಸ್ತಿ ಜನ ಇದನ್ನು ಬಿಟ್ಟೇ ಹೋಗುತ್ತಾರೆ. ನನ್ನ ಕೇಳಿದರೆ ಇಡೀ ಗುಡ್ಡದಲ್ಲಿ ಬಿಡಬಾರದ್ದು ಇದೇ. ನಡುವೆ ಒಂದು ಗುಂಡಿ, ಎದುರುಬದುರಾಗಿ ಎರಡು ಕಡೆ ಮೆಟ್ಟಿಲು. ಒಂದು ಕಡೆ ಇಳಿದು, ನೀರಲ್ಲಿ ದೀಕ್ಷೆ ಪಡೆದು, ಇನ್ನೊಂದು ಕಡೆ ಹತ್ತುವುದು. ಮೆಟ್ಟಿಲಿನ ಮೇಲೆ ಕಾಲಿಡಬೇಡಿ, ಪಕ್ಕದಲ್ಲಿ ಕೂತು ನೋಡಿ.

ಹೊರಡುವ ಮುಂಚೆ ಪಶ್ಚಿಮದ ಅಂಚಿನಿಂದ ಕೆಳಗೆ ನೋಡಿ. 1375ರ ಈಸಾ ಬೇ ಮಸೀದಿ ಅಲ್ಲೇ ಇದೆ. ಅದನ್ನು ಕಟ್ಟಲು ಹಳೆಯ ಎಫೆಸಸ್ಸಿನ ಕಲ್ಲುಗಳನ್ನು ಬಳಸಿದ್ದಾರೆ. ನಡೆದೇ ಹೋಗಬಹುದು.