780 ನ್ಯಾನೊಮೀಟರ್ ಲೇಸರ್‌ಗೆ ಡಬಲ್-ಪಾಸ್ ಎಒಎಂ: ನನ್ನ ಅನುಭವ

ರುಬಿಡಿಯಂ ಪ್ರಯೋಗದಲ್ಲಿ ಲೇಸರ್‌ನ ಆವರ್ತನವನ್ನು ಹತ್ತಿಪ್ಪತ್ತು ಮೆಗಾಹರ್ಟ್ಸ್ ಆಚೀಚೆ ಸರಿಸಬೇಕು, ಆದರೆ ಕಿರಣ ಮಾತ್ರ ಕದಲಬಾರದು. ಎಒಎಂ (ಅಕೌಸ್ಟೊ-ಆಪ್ಟಿಕ್ ಮಾಡ್ಯುಲೇಟರ್) ಎಂದರೆ ಸ್ಫಟಿಕದೊಳಗಿನ ಶಬ್ದದ ಅಲೆಯಿಂದ ಬೆಳಕಿನ ಆವರ್ತನ ಸರಿಸುವ ಸಾಧನ; ಜೊತೆಗೇ ಕಿರಣವನ್ನೂ ತುಸು ತಿರುಗಿಸುತ್ತದೆ. ಅದಕ್ಕೇ ಕಿರಣವನ್ನು ಒಂದೇ ಎಒಎಂ ಮೂಲಕ ಎರಡು ಸಲ ಹಾಯಿಸಿ, ಮೊದಲ ತಿರುವನ್ನು ವಾಪಸು ದಾರಿಯಲ್ಲಿ ರದ್ದು ಮಾಡುತ್ತೇನೆ. ನಾನು ಬಳಸುವುದು 80 ಮೆಗಾಹರ್ಟ್ಸ್‌ನ ಟೆಲ್ಲೂರಿಯಂ ಡೈಆಕ್ಸೈಡ್ ಸ್ಫಟಿಕ. ಅದರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 4,200 ಮೀಟರ್. ಬೆಳಕು ತಿರುಗುವುದು 15 ಮಿಲಿರೇಡಿಯನ್ ಮಾತ್ರ. ಅರ್ಧ ಮೀಟರ್ ದೂರಕ್ಕೆ ಏಳೂವರೆ ಮಿಲಿಮೀಟರ್.

ಮೊದಲು ಆರ್‌ಎಫ್ (ಸ್ಫಟಿಕದಲ್ಲಿ ಶಬ್ದ ಎಬ್ಬಿಸುವ ರೇಡಿಯೊ ಆವರ್ತನದ ಸಂಕೇತ) ಶಕ್ತಿಯನ್ನು, ಅದನ್ನು ತಗ್ಗಿಸುವ ಅಟೆನ್ಯುಯೇಟರ್ ಹಾಕಿ ಅಳೆಯಿರಿ. ಲೋಡ್ ಇಲ್ಲದೆ ಆಂಪ್ಲಿಫಯರ್ ಆನ್ ಮಾಡಬೇಡಿ. ಸ್ಫಟಿಕದೊಳಗೆ ಕಿರಣದ ವ್ಯಾಸವನ್ನು ಅರ್ಧ ಮಿಲಿಮೀಟರ್‌ಗೆ ಇಳಿಸಿಕೊಳ್ಳುತ್ತೇನೆ. ಆಗ ಸ್ವಿಚ್ ಆಗುವ ಏರಿಕೆಯ ಸಮಯ 75 ನ್ಯಾನೊಸೆಕೆಂಡ್ ಆಸುಪಾಸು. ಕಿರಣ ಸಣ್ಣದಾದಷ್ಟೂ ವೇಗ ಹೆಚ್ಚು. ಆದರೆ ತೀರಾ ಸಣ್ಣದಾದರೆ ಅದು ಹರಡಿಕೊಂಡು ದಕ್ಷತೆ (ತಿರುಗಿದ ಕಿರಣಕ್ಕೆ ಹೋಗುವ ಬೆಳಕಿನ ಪಾಲು) ಬೀಳುತ್ತದೆ.

ಕಿರಣ ನೇರವಾಗಿ ಬಿದ್ದಾಗ ಎರಡೂ ಬದಿಗೆ ಮಂದವಾದ ಚುಕ್ಕೆಗಳು ಕಾಣುತ್ತವೆ. ಶಬ್ದದ ಅಲೆಗಳಿಂದ ಹೀಗೆ ಹಲವು ಚುಕ್ಕೆಗಳು ಏಕೆ ಮೂಡುತ್ತವೆ ಎಂಬುದನ್ನು 1935–36ರಲ್ಲಿ ಬೆಂಗಳೂರಿನಲ್ಲೇ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್ ವಿವರಿಸಿದ್ದರು. ನಮಗೆ ಬೇಕಾದದ್ದು ಒಂದೇ ಚುಕ್ಕೆ. ಎಒಎಂ ಅನ್ನು ಅರ್ಧ ಡಿಗ್ರಿಗಿಂತ ಕಡಿಮೆ ತಿರುಗಿಸಿದರೆ ಸಾಕು, ಒಂದು ಬದಿಯ ಮೊದಲ ಚುಕ್ಕೆ (+1 ಕ್ರಮಾಂಕ) ಬೆಳಗುತ್ತದೆ. ನಂತರ ಎತ್ತರ ಸರಿಪಡಿಸಿ, ಮತ್ತೆ ಕೋನ, ಮತ್ತೆ ಎತ್ತರ. ಕಣ್ಣಳತೆ ಸಾಲದು, ಪವರ್ ಮೀಟರ್ ಇಡಿ. ಆರ್‌ಎಫ್ ಅನ್ನು ಕೊನೆಗೆ ಏರಿಸಿ. ಒಂದು ಹಂತ ದಾಟಿದರೆ +1ರ ಬೆಳಕು ತಿರುಗದೆ ನೇರ ಸಾಗುವ ಶೂನ್ಯ ಕ್ರಮಾಂಕಕ್ಕೇ ಮರಳುತ್ತದೆ, ಸ್ಫಟಿಕವೂ ಬಿಸಿಯಾಗುತ್ತದೆ. ಜೋಡಣೆ ಸರಿಯಿಲ್ಲದಿರುವಾಗ ಶಕ್ತಿ ಹೆಚ್ಚಿಸಿ ದಕ್ಷತೆ ಗಿಟ್ಟಿಸಲು ಹೋಗಲೇಬಾರದು.

ಇನ್ನು ವಾಪಸು ದಾರಿ. ಎಒಎಂನಿಂದ 200 ಮಿ.ಮೀ. ದೂರಕ್ಕೆ 200 ಮಿ.ಮೀ. ನಾಭಿದೂರದ ಲೆನ್ಸ್, ಅಲ್ಲಿಂದ ಅಷ್ಟೇ ದೂರಕ್ಕೆ ಕನ್ನಡಿ. ಲೆನ್ಸ್ ದಾಟಿದ ಮೇಲೆ ಶೂನ್ಯ ಮತ್ತು +1 ಕಿರಣಗಳು 3 ಮಿ.ಮೀ. ಅಂತರದಲ್ಲಿ ಸಮಾಂತರವಾಗಿ ಹೋಗುತ್ತವೆ. ಶೂನ್ಯವನ್ನು ಐರಿಸ್‌ನಿಂದ (ಅಗಲ ಹೊಂದಿಸಬಹುದಾದ ರಂಧ್ರ) ತಡೆಯಿರಿ. ಆವರ್ತನ 10 ಮೆಗಾಹರ್ಟ್ಸ್ ಬದಲಾದರೆ ಅಲ್ಲಿ ಚುಕ್ಕೆ 0.4 ಮಿ.ಮೀ. ಸರಿಯುತ್ತದೆ, ಆದ್ದರಿಂದ ಐರಿಸ್ ಬಿಗಿ ಮಾಡಬೇಡಿ. ಕನ್ನಡಿಯ ಮುಂದೆ ಕ್ವಾರ್ಟರ್ ವೇವ್‌ಪ್ಲೇಟ್ ಇಟ್ಟರೆ ಮರಳುವ ಬೆಳಕಿನ ಧ್ರುವೀಕರಣ 90 ಡಿಗ್ರಿ ತಿರುಗಿ, ಎಒಎಂಗೆ ಮುಂಚೆ ಇಟ್ಟ ಪಿಬಿಎಸ್ ಕ್ಯೂಬ್‌ನಲ್ಲಿ (ಧ್ರುವೀಕರಣ ನೋಡಿ ಬೆಳಕನ್ನು ಬೇರ್ಪಡಿಸುವ ಗಾಜಿನ ಘನ) ಬೇರೆಯಾಗಿ ಹೊರಬರುತ್ತದೆ. ಒಟ್ಟು ಸರಿತ 160 ಮೆಗಾಹರ್ಟ್ಸ್. ಒಂದು ಪಾಸ್‌ಗೆ 85% ದಕ್ಷತೆ ಸಿಕ್ಕರೆ ಎರಡಕ್ಕೆ 72%.

ಪರೀಕ್ಷೆಗೆ ಹೊರಬರುವ ಬೆಳಕನ್ನು ಫೈಬರ್‌ಗೆ ಹಾಕಿ ಎಒಎಂನ ಆವರ್ತನವನ್ನು 75ರಿಂದ 85 ಮೆಗಾಹರ್ಟ್ಸ್‌ವರೆಗೆ ಓಡಿಸುತ್ತೇನೆ. ಫೈಬರ್ ದಾಟುವ ಬೆಳಕು ಕುಗ್ಗಿದರೆ ಅದರ ಬಾಯಿಗೆ ಬೀಳುವ ಚುಕ್ಕೆಯನ್ನು ಗಮನಿಸಿ. ಚುಕ್ಕೆಯೇ ಅಲುಗಿದರೆ ಎಒಎಂಗೂ ಲೆನ್ಸ್‌ಗೂ ಇರುವ ದೂರ ತಪ್ಪಿದೆ. ಚುಕ್ಕೆ ನಿಂತಲ್ಲೇ ಇದ್ದು ಗಾತ್ರ ಬೇರೆಯಾಗಿದ್ದರೆ ಕನ್ನಡಿಯ ದೂರ ನೋಡಿ.

ಆರ್‌ಎಫ್ ಸ್ವಿಚ್ ಆಫ್ ಮಾಡಿದರೂ ತುಸು ಬೆಳಕು ಸೋರುತ್ತದೆ. ದೀರ್ಘಕಾಲ ಆಫ್ ಇಟ್ಟರೆ ಸ್ಫಟಿಕ ತಣ್ಣಗಾಗಿ, ಮತ್ತೆ ಆನ್ ಮಾಡಿದಾಗ ಕಿರಣ ಜರುಗುತ್ತದೆ. ಹಾಗಾಗಿ ಮೆಕ್ಯಾನಿಕಲ್ ಶಟರ್ ಮುಚ್ಚಿ, ಅದರ ಹಿಂದೆ ಆರ್‌ಎಫ್ ಆನ್ ಇಟ್ಟಿರುತ್ತೇನೆ. ಬೆಳಕು ಬೇಕಾಗುವ ಕೆಲವು ಮಿಲಿಸೆಕೆಂಡ್ ಮುಂಚೆ ಆರ್‌ಎಫ್ ಆಫ್ ಮಾಡಿ, ಶಟರ್ ಪೂರ್ತಿ ತೆರೆದ ಮೇಲೆ ಎಒಎಂನಿಂದಲೇ ಪಲ್ಸ್ ಕೊಡುತ್ತೇನೆ.